ಕೇರಿಯ ಪ್ರಶ್ನೆ ಬೆಳಗಾವಿಗೆ ಹೋಗಲಿ

ಚಳಿಗಾಲ ಬಂತೆಂದರೆ ಸರ್ಕಾರ ಬೆಳಗಾವಿಗೆ ಬರುತ್ತದೆ. ಸುವರ್ಣಸೌಧದಲ್ಲಿ ಹತ್ತು ದಿನ ಗದ್ದಲ. ಪ್ರಶ್ನೋತ್ತರ ವೇಳೆಯಲ್ಲಿ ಮಂತ್ರಿಗಳು ಓದುವ ಉತ್ತರ ನಮಗೆ ಬಾಯಿಪಾಠ: ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’. ಶಾಸಕರು ಕೇಳಿದರು, ಕೂತರು. ಪೇಪರಿನಲ್ಲಿ ಫೋಟೋ ಬಂತು. ಕೇರಿಯ ನಳಕ್ಕೆ ನೀರು ಬರಲಿಲ್ಲ.

ಗೆಳೆಯರೇ, ತಪ್ಪು ಬರೀ ಉತ್ತರದಾಗ ಇಲ್ಲ. ಪ್ರಶ್ನೆಯೊಳಗೇ ಐತಿ.

‘ದಲಿತರಿಗೆ ಎಷ್ಟು ಖರ್ಚಾಗಿದೆ?’ ಎಂದು ಕೇಳಿದರೆ ಮಂತ್ರಿ ಕೋಟಿಗಳ ಪಟ್ಟಿ ಓದಿ ಮುಗಿಸುತ್ತಾನೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಗತಿ ನೋಡಿ. ಜನಸಂಖ್ಯೆಗೆ ತಕ್ಕ ಪಾಲು, ಅಂದರೆ ನೂರಕ್ಕೆ 24.1, ಪರಿಶಿಷ್ಟರಿಗೆ ಎಂದಿತು. ಅದರೊಳಗೇ 7(ಡಿ) ಎಂಬ ಕಿಂಡಿ. ಎಲ್ಲರೂ ಓಡಾಡುವ ರಸ್ತೆಯ ಖರ್ಚಿನಲ್ಲೂ ಒಂದು ಪಾಲನ್ನು ನಮ್ಮ ಲೆಕ್ಕಕ್ಕೆ ಬರೆಯಬಹುದು! ಆ ಕಿಂಡಿ ಮುಚ್ಚಲು 2023 ಬರಬೇಕಾಯ್ತು. ಪಕ್ಕದ 7(ಸಿ) ತೆರೆದೇ ಇತ್ತು. 2024-25ರಲ್ಲಿ 39 ಸಾವಿರ ಕೋಟಿಯಲ್ಲಿ 14 ಸಾವಿರ ಕೋಟಿಗೂ ಮಿಕ್ಕಿ ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು. ದಲಿತರಿಗೂ ಅದರಿಂದ ಲಾಭ ಐತಲ್ಲ ಅಂತಾರ. ಐತಿ. ಆದರೆ ಉಳಿದವರಿಗೆ ಸರ್ಕಾರದ ಖಜಾನೆಯಿಂದ, ನಮಗೆ ನಮ್ಮದೇ ಗಂಟಿನಿಂದ. ಇದ್ಯಾವ ನ್ಯಾಯ ಸಾಹೇಬ್ರ?

ಕೇಳಬೇಕಾದವರು ಯಾರು? ಮುಧೋಳ ನಮ್ಮ ಮೀಸಲು ಕ್ಷೇತ್ರ. 2018ರಲ್ಲಿ ಗೆದ್ದ ಗೋವಿಂದ ಕಾರಜೋಳರು ಮರುವರ್ಷ ಉಪಮುಖ್ಯಮಂತ್ರಿಯಾದರು. 2023ರಲ್ಲಿ ಗೆದ್ದ ಆರ್.ಬಿ. ತಿಮ್ಮಾಪುರರು ಅಬಕಾರಿ ಮಂತ್ರಿಯಾದರು. ಹೆಮ್ಮೆಪಟ್ಟೆವು, ಹಾರ ಹಾಕಿದೆವು. ಆದರೆ ಮಂತ್ರಿಯಾದವರು ಉತ್ತರ ಕೊಡುವ ಸಾಲಿನವರು, ಪ್ರಶ್ನೆ ಕೇಳುವವರಲ್ಲ. ಮೀಸಲು ಕ್ಷೇತ್ರದ ಬಾಯಿಗೆ ಕುರ್ಚಿಯೇ ಬೀಗ.

ಹಾಗಾದರೆ ಜಮಖಂಡಿ, ಬೀಳಗಿ, ತೇರದಾಳದ ಶಾಸಕರ ಬಾಯಲ್ಲಿ ನಮ್ಮ ಪ್ರಶ್ನೆ ಬರಲಿ. ದಲಿತರ ಪ್ರಶ್ನೆ ದಲಿತ ಶಾಸಕನೇ ಕೇಳಬೇಕೆಂದು ಯಾವ ಸಂವಿಧಾನದಲ್ಲೂ ಬರೆದಿಲ್ಲ. ನಮ್ಮ ಓಟು ಅವರಿಗೂ ಬಿದ್ದಿವೆ.

ಬೀಳಗಿಯವರು ಕೇಳಲಿ: ಆಲಮಟ್ಟಿಯ ನೀರು 519.60 ಮೀಟರಿನಿಂದ 524.256ಕ್ಕೆ ಏರಿಸಲು ಮುಳುಗುವ ಜಮೀನಿಗೆ ಎಕರೆಗೆ 40 ಲಕ್ಷ, 30 ಲಕ್ಷ ಎಂದು 2025ರಲ್ಲಿ ತೀರ್ಮಾನಿಸಿದಿರಿ. ಆ ಹೊಲದಲ್ಲಿ ಕೂಲಿ ಮಾಡಿ ಬದುಕಿದ, ಪಟ್ಟಾ ಇಲ್ಲದ ಮನೆಗಳೆಷ್ಟು? ಅವರಿಗೇನು? ತೇರದಾಳದವರು ಕೇಳಲಿ: ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮಾಲೀಕನಿಗೆ ಕರೆಂಟಿನ ರಿಯಾಯಿತಿ ಉಂಟು, ಮಗ್ಗ ನಡೆಸುವ ಕೂಲಿ ನೇಕಾರನ ಹೆಸರು ಯಾವ ಪಟ್ಟಿಯಲ್ಲಿದೆ? ಜಮಖಂಡಿಯವರು ಕೇಳಲಿ: ಹೆಣ ಹೂಳಲು ಜಾಗವಿಲ್ಲದ ಕೇರಿಗಳೆಷ್ಟು? ಊರಿನ ಹೆಸರು ಸಹಿತ ಹೇಳಿ.

ಚುಕ್ಕೆ ಗುರುತಿನ ಪ್ರಶ್ನೆಯನ್ನೇ ಹಾಕಿಸಿ. ಚುಕ್ಕೆ ಇಲ್ಲದ್ದಕ್ಕೆ ಕಾಗದದ ಉತ್ತರ ಬರುತ್ತದೆ, ಅಷ್ಟೇ. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಲ್ಲಬೇಕು, ಉಪಪ್ರಶ್ನೆ ಎದುರಿಸಬೇಕು. ಊರು, ಇಸವಿ, ಸಂಖ್ಯೆ ಹಿಡಿದು ಕೇಳಿದರೆ ನುಣುಚಿಕೊಳ್ಳುವ ದಾರಿ ಕಿರಿದಾಗುತ್ತದೆ.

ಸಭೆಯ ಮಾತನ್ನೇ ನಂಬಿ ಕೂಡಬೇಡಿ. 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು: ಸಾರ್ವಜನಿಕ ಕೆರೆ ಬಾವಿ ಅಸ್ಪೃಶ್ಯರಿಗೂ ಮುಕ್ತ. ಆಗ ಬೀಳಗಿಯೂ ಆ ಸರ್ಕಾರದ ಕೆಳಗೇ ಇತ್ತು. ಕೆರೆ ಮುಕ್ತವಾಯಿತೇ? 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರೊಡನೆ ಮಹಾಡಕ್ಕೆ ನಡೆದು ನೀರು ಮುಟ್ಟಬೇಕಾಯಿತು.

ಮಾಸ್ತರರೇ, ವಿದ್ಯಾರ್ಥಿಗಳೇ, ಈ ಪ್ರಶ್ನೆಗಳನ್ನು ಬರೆದು ಶಾಸಕರ ಕೈಗೆ ಕೊಡಿ. ಬಂದ ಉತ್ತರವನ್ನು ಕೇರಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿ. ಸುಳ್ಳಾದರೆ ಅಲ್ಲಿಂದಲೇ ನಡಿಗೆ ಶುರುವಾಗಲಿ.