ತಳಿಯೊಂದೇ ಕಾವಲಾಗದು

ಪೈರಿಗೆ ಕೀಟ ಬಿದ್ದಿತೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ವಿಷದ ಸಿಂಪಡಿಕೆ. ಆದರೆ ಸಸ್ಯಗಳಿಗೆ ತಮ್ಮದೇ ಆದ ನಿರೋಧಶಕ್ತಿಯುಂಟು. ಅಮೆರಿಕದ ಕೀಟವಿಜ್ಞಾನಿ ರೆಜಿನಾಲ್ಡ್ ಪೇಂಟರ್ ೧೯೫೧ರಲ್ಲಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಕೀಟಕ್ಕೆ ಒಗ್ಗದಂತಿರುವುದು ಒಂದು. ತಿಂದ ಕೀಟದ ಬೆಳವಣಿಗೆಯನ್ನೂ ಸಂತಾನವನ್ನೂ ಕುಂದಿಸುವುದು ಎರಡನೆಯದು. ಹಾನಿಗೊಂಡರೂ ಚೇತರಿಸಿಕೊಂಡು ಫಲ ಕೊಡುವುದು ಮೂರನೆಯದು. ಬೀಜದೊಡನೆಯೇ ದೊರೆಯುವ ಈ ರಕ್ಷಣೆ ರೈತನಿಗೆ ಬಹಳ ಅಗ್ಗವಾದುದು. ಆದರೆ ಅದು ಅಕ್ಷಯವಲ್ಲ. ಬೆಳೆಯ ವೈವಿಧ್ಯವನ್ನು ಬಿಟ್ಟು ನಿರೋಧಕ ತಳಿಯೊಂದನ್ನೇ ನಂಬಿ ಕೂರುವುದು ಅವಿವೇಕವೆಂದು ನಾವು ಭಾವಿಸುತ್ತೇವೆ.

ಕಂದು ಜಿಗಿಹುಳುವಿನ ಕಥೆ ಇದಕ್ಕೆ ಸಾಕ್ಷಿ. ಗಂಗಾವತಿ ಸೀಮೆಯ ರೈತರಿಗೂ ಪರಿಚಿತವಾದ ಈ ಪುಟ್ಟ ಕೀಟವು ಬತ್ತದ ಬುಡದಲ್ಲಿ ಕುಳಿತು ರಸ ಹೀರುವುದು. ಪೈರು ಬೆಂಕಿ ತಗುಲಿದಂತೆ ಒಣಗುವುದು. ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯು ೧೯೬೬ರಲ್ಲಿ ಐಆರ್ ೮ ಎಂಬ ಅಧಿಕ ಇಳುವರಿಯ ತಳಿಯನ್ನು ಹೊರತಂದಿತು. ಹಸಿದ ಏಷ್ಯಕ್ಕೆ ಇದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎತ್ತ ನೋಡಿದರೂ ಒಂದೇ ಬಗೆಯ ಪೈರು, ಬೆಳೆಯ ಹಿಂದೆ ಬೆಳೆ, ಹೇರಳ ಸಾರಜನಕ ಗೊಬ್ಬರ, ಇವು ಜಿಗಿಹುಳುವಿಗೆ ಔತಣವಾದುವು. ೧೯೭೩ರಲ್ಲಿ ನಿರೋಧಕ ತಳಿಯಾದ ಐಆರ್ ೨೬ ಬಂದಿತು. ಅದರ ರಕ್ಷಣೆಯು ಮುಖ್ಯವಾಗಿ ಒಂದೇ ಜೀನಿನ ಮೇಲೆ ನಿಂತಿತ್ತು. ಕೆಲವೇ ವರ್ಷಗಳಲ್ಲಿ, ಆ ತಳಿಯನ್ನೂ ಹೀರಿ ಬದುಕಬಲ್ಲ ಹುಳುಗಳು ಫಿಲಿಪ್ಪೀನ್ಸ್, ಇಂಡೊನೇಷ್ಯಗಳಲ್ಲಿ ಹೆಚ್ಚಿದುವು. ೧೯೭೬ರಲ್ಲಿ ಬೇರೊಂದು ಜೀನುಳ್ಳ ಐಆರ್ ೩೬ ಬರಬೇಕಾಯಿತು.

ಹೀಗಾಗಲು ಕಾರಣವೇನು? ಕೋಟಿಗಟ್ಟಲೆ ಹುಳುಗಳಲ್ಲಿ ಯಾವುದೋ ಕೆಲವಕ್ಕೆ ಆ ನಿರೋಧವನ್ನು ಮೀರುವ ಶಕ್ತಿ ಇರಬಹುದು. ದೇಶವೆಲ್ಲ ಒಂದೇ ತಳಿಯಾದಾಗ ಉಳಿದವು ಸಾಯುವುವು. ಈ ಕೆಲವೇ ವಂಶ ಬೆಳೆಸುವುವು. ಭೌತಶಾಸ್ತ್ರ ಬೋಧಿಸುವ ನಮಗೆ ಇಲ್ಲಿ ಸೇತುವೆಯ ಮೇಲೆ ನಡೆಯುವ ಸೈನಿಕರು ನೆನಪಾಗುತ್ತಾರೆ. ೧೮೩೧ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆಯು ಸಮಹೆಜ್ಜೆಯಲ್ಲಿ ನಡೆದ ಸೈನಿಕರಿಂದ ಕುಸಿಯಿತು. ಸಣ್ಣ ಸಣ್ಣ ತಳ್ಳುಗಳು ಒಂದಕ್ಕೊಂದು ಕೂಡಿ ದೊಡ್ಡವಾದುವು. ಹೆಜ್ಜೆ ಬೇರೆ ಬೇರೆಯಾಗಿದ್ದರೆ ಅವು ಹಾಗೆ ಕೂಡುತ್ತಿರಲಿಲ್ಲ. ಹೊಲಗಳ ಏಕರೂಪತೆಯೂ ಇಂತಹುದೇ.

ವಿಷದಿಂದ ಇದನ್ನು ಸರಿಪಡಿಸಬಹುದೆ? ಜಿಗಿಹುಳುವನ್ನು ತಿನ್ನುವ ಜೇಡ ಮೊದಲಾದ ಮಿತ್ರಜೀವಿಗಳನ್ನು ವಿಷವು ಮೊದಲು ಕೊಲ್ಲುತ್ತದೆ. ಇದನ್ನರಿತ ಇಂಡೊನೇಷ್ಯ ಸರ್ಕಾರವು ೧೯೮೬ರಲ್ಲಿ ಬತ್ತದ ಗದ್ದೆಗಳಲ್ಲಿ ೫೭ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು.

ವೈವಿಧ್ಯದ ಫಲವನ್ನೂ ವಿಜ್ಞಾನಿಗಳು ಅಳೆದಿದ್ದಾರೆ. ೧೯೯೧ರಲ್ಲಿ ಡೇವಿಡ್ ಆಂಡೋ ಅವರು ಸಸ್ಯಾಹಾರಿಗಳಾದ ೨೮೭ ಕೀಟಜಾತಿಗಳ ಮೇಲೆ ನಡೆದಿದ್ದ ಅಧ್ಯಯನಗಳನ್ನು ಪರಿಶೀಲಿಸಿದರು. ಮಿಶ್ರ ಬೆಳೆಯಲ್ಲಿ ೧೪೯ ಜಾತಿಗಳು ಕಡಿಮೆಯಾಗಿದ್ದುವು. ೪೪ ಮಾತ್ರ ಹೆಚ್ಚಾಗಿದ್ದುವು. ಆದುದರಿಂದ ಮಿಶ್ರ ಬೆಳೆಯು ಸರ್ವರೋಗಕ್ಕೂ ಮದ್ದಲ್ಲ. ಆದರೂ ಪಲ್ಲ ಅದರ ಕಡೆಗೇ ವಾಲಿದೆ. ನೆರೆಯ ಗಿಡಗಳ ನಡುವೆ ಕೀಟಕ್ಕೆ ತನ್ನ ಆಹಾರಸಸ್ಯವನ್ನು ಹುಡುಕುವುದು ಕಷ್ಟ. ಅದರ ಶತ್ರುಗಳಿಗೆ ಆಸರೆಯೂ ಮಕರಂದವೂ ದೊರೆಯಬಹುದು. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುವ ನಮ್ಮ ರೈತರ ಪದ್ಧತಿಯನ್ನು ಹಳೆಯದೆಂದು ತಳ್ಳಿಹಾಕಕೂಡದು.

ಒಂದೇ ತಳಿಯಾದರೆ ಯಂತ್ರದ ಕೊಯ್ಲಿಗೂ ಮಾರುಕಟ್ಟೆಗೂ ಅನುಕೂಲವೆಂಬ ಮಾತಿದೆ. ಅದು ನಿಜವೇ. ಆದರೆ ಒಂದೊಂದು ಗದ್ದೆಯೊಳಗೂ ಬೆರಕೆ ಇರಬೇಕೆಂದು ನಾವು ಹೇಳುತ್ತಿಲ್ಲ. ನೆರೆಹೊರೆಯ ಗದ್ದೆಗಳಲ್ಲಿ ಬೇರೆ ಬೇರೆ ನಿರೋಧವುಳ್ಳ ತಳಿಗಳಿರಲಿ. ಬತ್ತದ ನಂತರ ಉದ್ದೋ ಹೆಸರೋ ಬರಲಿ. ಬದುವಿನ ಮೇಲೆ ಅಲಸಂದೆ ಬೆಳೆಯಲಿ. ಬೀಜ ಹಂಚುವ ಇಲಾಖೆಗಳು ಇದನ್ನು ಯೋಜಿಸಬೇಕು.

ಇನ್ನೊಂದು ವಿಷಯ. ಜಿಗಿಹುಳು ಹರಡುವ ಹುಲ್ಲುಕುಂಠು ರೋಗವನ್ನು ತಡೆಯುವ ಗುಣಕ್ಕಾಗಿ ವಿಜ್ಞಾನಿಗಳು ಆರು ಸಾವಿರಕ್ಕೂ ಹೆಚ್ಚು ಬತ್ತದ ಮಾದರಿಗಳನ್ನು ಶೋಧಿಸಿದಾಗ, ಅದು ದೊರೆತದ್ದು ಉತ್ತರ ಪ್ರದೇಶದ ಒಂದು ಕಾಡುಬತ್ತದಲ್ಲಿ. ಐಆರ್ ೩೬ಕ್ಕೆ ಆ ಗುಣ ಬಂದುದು ಅಲ್ಲಿಂದಲೇ. ಆ ಹುಲ್ಲನ್ನು ಕಳೆಯೆಂದು ಕಿತ್ತೆಸೆದು ಮುಗಿಸಿದ್ದರೆ ಮುಂದೇನು ಗತಿ? ಹೊಸ ತಳಿಗಳ ಬೇರು ಹಳೆಯ ತಳಿಗಳಲ್ಲಿಯೇ ಇದೆ. ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿ ಎಷ್ಟು ಬಗೆಯ ಬತ್ತ, ರಾಗಿ, ಅವರೆಗಳು ಉಳಿದಿವೆಯೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಆ ಪಟ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗದಂತೆ ನೋಡಿಕೊಳ್ಳುವ ಹೊಣೆ ಮುಂದೆ ಅವರದೇ ಆಗಲಿದೆ.