ಅಂಗಳದ ಈಜುಕೊಳಕ್ಕೆ ಮೊದಲು ನೆಲ
ಕೃಷ್ಣೆಯಲ್ಲಿ ಮೊಸಳೆಗಳಿವೆ, ಎಷ್ಟೋ ಹಳೆಯ ಬಾವಿಗಳಿಗೆ ಕಟ್ಟೆಯಿಲ್ಲ. ಹಾಗಾಗಿ ನದಿ ದಡದ ದಿಗ್ಗೇವಾಡಿ ಕಡೆಯವರು ಮಕ್ಕಳಿಗಾಗಿ ಅಂಗಳದಲ್ಲೇ ಜೋಡಿಸುವ ಈಜುಕೊಳ ತರುವುದಾದರೆ ನನಗೆ ಸಂತೋಷವೇ. ಆದರೆ ಮೊದಲು ನೆಲ ನೋಡಿ. 10 ಅಡಿ ಅಗಲದ ದುಂಡನೆಯ ಕೊಳದಲ್ಲಿ ಎರಡೂವರೆ ಅಡಿ ನೀರು ನಿಂತರೆ ತೂಕ 5 ಟನ್ನಿಗೂ ಹೆಚ್ಚು. ನಮ್ಮ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಒಂದು ಬದಿ ಕುಸಿದರೆ ಇಡೀ ಭಾರ ಅತ್ತಲೇ ವಾಲುತ್ತದೆ. ಹಾಗಾಗಿ ತಗ್ಗಿಗೆ ಮಣ್ಣು ತುಂಬಬೇಡಿ, ದಿಬ್ಬವನ್ನೇ ಕೆತ್ತಿ ಮಟ್ಟ ಮಾಡಿ, ಮರಳು ಹಾಸಿ, ಮೇಲೆ ತಾಡಪತ್ರಿ ಹೊದಿಸಿ. ನೀರು ಕೆಡದಂತೆ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಲಿ. ಬಿಸಿಲಿಗೆ ಅದು ಬೇಗ ನಾಶವಾಗುವುದರಿಂದ ಸಂಜೆ ಹಾಕುವುದು ಲೇಸು. ಎರಡಡಿ ನೀರೂ ಮಗುವಿನ ಜೀವ ತೆಗೆಯಬಲ್ಲದು: ಆಟ ಮುಗಿದೊಡನೆ ಏಣಿ ತೆಗೆದಿಡಿ, ಆಡುವಾಗ ದೊಡ್ಡವರೊಬ್ಬರು ಕಣ್ಣು ಕೀಳದೆ ಕೂತಿರಲಿ. ಹಳೆಯ ನೀರನ್ನು ಚೆಲ್ಲಬೇಡಿ, ಕ್ಲೋರಿನ್ ಇಳಿದ ಮೇಲೆ ಕಬ್ಬಿಗೆ ಬಿಡಿ.