‘ಸ್ಥಳೀಯ’ ಎಂದರೆ ಯಾರು?

ಕನ್ನಡ ನಾಡಿನಲ್ಲಿ ಕನ್ನಡಿಗರಿಗೆ ಕೆಲಸ ಸಿಗಬೇಕೆಂಬುದು ನ್ಯಾಯವಾದ ಬೇಡಿಕೆ. ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲೇ ಇದನ್ನು ಸರಕಾರದ ಮುಂದಿಟ್ಟಿತ್ತು. ಅದರಲ್ಲಿ ನಮಗೆ ತಕರಾರಿಲ್ಲ. ನಮ್ಮ ತಕರಾರಿರುವುದು ‘ಸ್ಥಳೀಯ’ ಎಂಬ ಪದಕ್ಕೆ ಕೊಟ್ಟ ಅರ್ಥದ ಬಗ್ಗೆ.

2024ರ ಜುಲೈಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಮಸೂದೆ, ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡಲು ಹೊರಟಿತ್ತು. ಕರ್ನಾಟಕದಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ನೆಲೆಸಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು ಎಂಬುದು ಷರತ್ತು. ಉದ್ಯಮಿಗಳು ಗದ್ದಲವೆಬ್ಬಿಸಿದರು. ಕೆಲವೇ ದಿನಗಳಲ್ಲಿ ಸರಕಾರ ಮಸೂದೆಯನ್ನು ತಡೆಹಿಡಿಯಿತು. ಆ ಗದ್ದಲದಲ್ಲಿ ಹುಟ್ಟಿನ ಷರತ್ತು ಮರೆಗೆ ಸರಿಯಿತು.

ಈ ಷರತ್ತಿನಿಂದ ಹೊರಗುಳಿಯುವವರು ಯಾರು? ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತು ಮಂಗಳೂರಿಗೆ ಬಂದ ಹುಡುಗಿ, ಇಪ್ಪತ್ತು ವರ್ಷ ಇಲ್ಲೇ ಬಾಳಿದರೂ ಸ್ಥಳೀಯಳಲ್ಲ. 1956ರಲ್ಲಿ ಎಳೆದ ಗಡಿ ಅವಳ ತಪ್ಪೇ? ಗಲ್ಫ್‌ನಲ್ಲಿ ದುಡಿಯಲು ಹೋದ ಕರಾವಳಿಯ ತಂದೆತಾಯಿಗೆ ಜಿದ್ದಾದಲ್ಲಿ ಹುಟ್ಟಿದ ಮಗುವನ್ನು ನೋಡಿ. ಅಲ್ಲಿ ಹುಟ್ಟಿದರೂ ಅಲ್ಲಿನ ಪೌರತ್ವ ಅದಕ್ಕಿಲ್ಲ. ಅಲ್ಲಿ ಹುಟ್ಟಿದ್ದರಿಂದಲೇ ಇಲ್ಲೂ ಅದು ಸ್ಥಳೀಯವಲ್ಲ! 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಹುಟ್ಟಿದ್ದು ಜರ್ಮನಿಯಲ್ಲಿ. ಅವರೂ ಈ ಲೆಕ್ಕದಲ್ಲಿ ಪರಕೀಯರೇ.

ಸೌದಿ ಅರೇಬಿಯ 2011ರಲ್ಲಿ ನಿತಾಖತ್ ತಂದಾಗ ನಮ್ಮ ಕರಾವಳಿಯ ಮನೆಗಳಲ್ಲಿ ಆತಂಕ ತುಂಬಿತ್ತು. ತನ್ನ ಜನರಿಗೆ ಕೆಲಸ ಕೊಡುವುದು ಆ ದೇಶದ ಹಕ್ಕು ಎಂಬುದು ನಮಗೆ ಗೊತ್ತಿತ್ತು. ಆದರೆ ಮೂವತ್ತು ವರ್ಷ ಬೆವರು ಸುರಿಸಿದವನೂ ಕೊನೆಯವರೆಗೆ ಹೊರಗಿನವನೇ ಆಗಿ ಉಳಿಯುವ ನೋವೂ ನಮಗೆ ಗೊತ್ತು. ಆ ನೋವುಂಡ ನಾವೇ ಅದೇ ಬಾಗಿಲನ್ನು ಇಲ್ಲಿ ಕಟ್ಟಬೇಕೇ?

ಹುಟ್ಟನ್ನು ಅಳೆಯತೊಡಗಿದರೆ ಅದು ಉದ್ಯೋಗದಲ್ಲಿಗೇ ನಿಲ್ಲುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶೀಯರು’ ಎಂಬ ಗುಲ್ಲೆಬ್ಬಿಸಿ ಬಡವರ ಗುಡಿಸಲುಗಳನ್ನು ಕೆಡವಲಾಯಿತು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದಿಂದ ಬಂದ ಕೂಲಿಕಾರರೂ ಇದ್ದರು. ಕೊನೆಗೆ ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಹೊರಗಿನವರನ್ನು ಹುಡುಕಲು ಹೊರಟ ಕೈ ಮೊದಲು ಬೀಳುವುದು ಬಡವನ ಮೇಲೆ. ಅವನು ಕನ್ನಡಿಗನೇ ಆಗಿದ್ದರೂ ಅದಕ್ಕೆ ತಿಳಿಯುವುದಿಲ್ಲ.

‘ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲವಲ್ಲ’ ಎನ್ನುವವರಿದ್ದಾರೆ. ಕಲಿಯದವರಿಗೆ ಮೀಸಲಾತಿ ಬೇಡ. ಆದರೆ ಕಲಿಸುವ ವ್ಯವಸ್ಥೆ ಎಲ್ಲಿದೆ? ಕಾರ್ಖಾನೆಗಳಲ್ಲಿ, ಕಟ್ಟಡ ಕೆಲಸದ ಜಾಗಗಳಲ್ಲಿ ಸಂಜೆ ಕನ್ನಡ ತರಗತಿ ನಡೆಸುವ ಹೊಣೆಯನ್ನು ಉದ್ಯಮಿಗಳ ಮೇಲೆ ಹೊರಿಸಲಿ. ಮಸೂದೆ ಮತ್ತೆ ಬರುವುದಾದರೆ ನೆಲೆಸಿದ ವರ್ಷಗಳ ಷರತ್ತು ಇರಲಿ, ಕನ್ನಡದ ಷರತ್ತು ಇರಲೇಬೇಕು. ಹುಟ್ಟಿನ ಷರತ್ತನ್ನು ಮಾತ್ರ ಕಿತ್ತುಹಾಕಬೇಕು. ಎಲ್ಲಿ ಹುಟ್ಟಬೇಕೆಂಬುದು ಯಾರ ಕೈಯಲ್ಲೂ ಇಲ್ಲ. ಕನ್ನಡಿಗರಾಗುವುದು ಮಾತ್ರ ಎಲ್ಲರಿಗೂ ಸಾಧ್ಯವಿರಬೇಕು.